ಎಷ್ಟು ಅಡಿ ಬಿಡಬೇಕು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನೆರೆಮನೆಯ ತಕರಾರು, ಮರದ ಕೊಂಬೆಯ ವ್ಯಾಜ್ಯ, ನೀರಿನ ತೆರಿಗೆಯ ಗೋಳು ಮುಂತಾದುವುಗಳ ನಡುವೆ ಮಳೆಗಾಲ ಸಮೀಪಿಸಿದಂತೆಲ್ಲ ತಪ್ಪದೆ ತಲೆಯೆತ್ತುವ ಪ್ರಶ್ನೆಯೊಂದುಂಟು: ನಿವೇಶನದ ಪಕ್ಕದಲ್ಲಿಯೋ ಹಿಂದುಗಡೆಯೋ ಕಾಲುವೆಯೊಂದು ಹರಿಯುತ್ತಿದೆ, ಮನೆ ಕಟ್ಟಿಸಬೇಕೆಂದಿದ್ದೇವೆ, ಕಾಲುವೆಯಿಂದ ಎಷ್ಟು ಅಡಿ ಬಿಡಬೇಕು? ಕೇಳುವವರ ದನಿಯಲ್ಲಿ ಸಾಮಾನ್ಯವಾಗಿ ಎರಡು ಭಾವಗಳು ಬೆರೆತಿರುತ್ತವೆ; ನಿಯಮವನ್ನು ಮೀರಬಾರದೆಂಬ ಸಜ್ಜನಿಕೆ ಒಂದು, ಬಿಡಬೇಕಾದದ್ದು ಆದಷ್ಟೂ ಕಡಮೆಯಾಗಿದ್ದರೆ ಒಳ್ಳೆಯದಿತ್ತೆಂಬ ಆಸೆ ಮತ್ತೊಂದು. ಎರಡನ್ನೂ ನಾನು ಹಳಿಯಲಾರೆ. ಜೀವಮಾನದ ಉಳಿತಾಯವನ್ನೆಲ್ಲ ಮೂವತ್ತು ನಲವತ್ತರ ಒಂದು ತುಂಡು ನೆಲದಲ್ಲಿ ಹೂಡಿದ ಗೃಹಸ್ಥನಿಗೆ ಒಂದೊಂದು ಅಡಿಯೂ ಒಂದೊಂದು ವರ್ಷದ ಸಂಬಳವಾಗಿ ಕಾಣುವುದು ಸಹಜವೇ ಸರಿ.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. 2007ರಲ್ಲಿ ಸರಕಾರದ ಮಂಜೂರಾತಿ ಪಡೆದು, 2015ರ ಹೆಸರನ್ನು ಹೊತ್ತು, ಆ ವರ್ಷ ಕಳೆದುಹೋದ ಮೇಲೂ ಉತ್ತರಾಧಿಕಾರಿಯಿಲ್ಲದ ಅರಸನಂತೆ ಆಳುತ್ತಲೇ ಇರುವ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ರಾಜಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿ, ಕಾಲುವೆಯ ಮಧ್ಯರೇಖೆಯಿಂದ ಅಳೆದು ಇಕ್ಕೆಲಗಳಲ್ಲಿಯೂ ಕ್ರಮವಾಗಿ 50, 25, 15 ಮೀಟರುಗಳಷ್ಟು ನೆಲವನ್ನು ಕಟ್ಟಡವಿಲ್ಲದೆ ಬಿಡತಕ್ಕದ್ದೆಂದು ವಿಧಿಸಿದೆ. ಕೆರೆಗಳಿಗಾದರೆ ಅದು 30 ಮೀಟರು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಭಾರೀ ನಿರ್ಮಾಣಗಳ ವಿರುದ್ಧ ಹೂಡಲಾದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಈ ಅಂತರಗಳನ್ನು ಕೆರೆಗೆ 75 ಮೀಟರಿಗೂ, ಕಾಲುವೆಗಳಿಗೆ ಅಂಚಿನಿಂದಲೇ ಅಳೆದು 50, 35, 25 ಮೀಟರುಗಳಿಗೂ ಏರಿಸಿತು. ಶಾಸನಬದ್ಧವಾದ ಯೋಜನೆಯನ್ನು ನ್ಯಾಯಮಂಡಳಿಯು ಹೀಗೆ ತಿದ್ದಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ಆ ಏರಿಕೆಯನ್ನು ರದ್ದುಪಡಿಸಿತಾಗಿ, ಹಳೆಯ ಅಳತೆಗಳೇ ಮತ್ತೆ ನಿಂತವು. ಮಧ್ಯರೇಖೆಯಿಂದ ಅಳೆಯುವ ಪದ್ಧತಿಯಲ್ಲಿ ಒಂದು ವಿನೋದವಿರುವುದನ್ನು ಓದುಗರು ಗಮನಿಸಬೇಕು. ಕಾಲುವೆಯು ಅಗಲವಾದಷ್ಟೂ, ಎಂದರೆ ರಕ್ಷಣೆ ಹೆಚ್ಚು ಬೇಕಾದಷ್ಟೂ, ದಡದ ಮೇಲೆ ಉಳಿಯುವ ನೆಲ ಕಿರಿದಾಗುತ್ತ ಹೋಗುತ್ತದೆ.

ಅತಿ ಚಿಕ್ಕ ಕಾಲುವೆಗೇ 15 ಮೀಟರು, ಎಂದರೆ ಹತ್ತಿರ ಹತ್ತಿರ 50 ಅಡಿ. ಮೂವತ್ತು ನಲವತ್ತರ ನಿವೇಶನವನ್ನು ಅದರಲ್ಲಿ ಇಡಿಯಾಗಿ ಮುಳುಗಿಸಬಹುದು. 2016ರ ಆಗಸ್ಟಿನಲ್ಲಿ ಅರಕೆರೆಯ ಕಡೆಯ ಅವನಿ ಶೃಂಗೇರಿನಗರದಲ್ಲಿ ಪಾಲಿಕೆಯ ಯಂತ್ರಗಳು ಮನೆಗಳನ್ನು ಕೆಡವಿದಾಗ, ಗ್ರಾಮನಕ್ಷೆಯಲ್ಲಿದ್ದ ಕಾಲುವೆ ಎಂದೋ ನೆಲದ ಮೇಲಿಂದ ಮಾಯವಾಗಿದ್ದು, ಸಾಲ ಮಾಡಿ ಮನೆ ಕೊಂಡ ಎಷ್ಟೋ ಮಂದಿಗೆ ತಾವು ನೀರಿನ ಹಾದಿಯ ಮೇಲೆ ಮಲಗಿದ್ದೆವೆಂಬ ವಾರ್ತೆ ಅಂದೇ ತಿಳಿಯಿತು. ಇಂತಹ ದೃಶ್ಯವನ್ನು ಕಂಡವರು ಅಡಿ ಎಷ್ಟು, ಮೀಟರು ಎಷ್ಟು ಎಂದು ಕಾತರಿಸುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಪ್ರಶ್ನೆ ಅರ್ಧ ಪ್ರಶ್ನೆಯೆಂದು ನನಗೆ ಬಹುಕಾಲದಿಂದ ಅನಿಸಿದೆ. ನಮ್ಮ ನಿಯಮಗಳೆಲ್ಲವೂ ಕಟ್ಟಡವು ಮುಗಿದು ನಿಂತ ಮೇಲೆ ಎಲ್ಲಿ ನಿಂತಿರಬೇಕೆಂಬುದನ್ನು ಕುರಿತು ಮಾತನಾಡುತ್ತವೆ. ಅದು ಏಳುತ್ತಿರುವ ಒಂದೂವರೆ ಎರಡು ವರ್ಷಗಳ ಕಾಲ ಆ ನೆಲದಲ್ಲಿ ಏನು ನಡೆಯಬೇಕು, ಬಿಟ್ಟ ಅಡಿಗಳಲ್ಲಿ ಏನಿರಬೇಕು ಎಂಬ ವಿಷಯದಲ್ಲಿ ಅವು ಬಹುಮಟ್ಟಿಗೆ ಮೌನಿಗಳು. ಕಾಲುವೆಗೆ ಆಗುವ ಕೇಡಿನ ದೊಡ್ಡ ಪಾಲು ಆಗುವುದಾದರೋ ಆ ಮೌನದ ಅವಧಿಯಲ್ಲಿಯೇ.

ಇದು ಕಾಲುವೆಯ ಬದಿಯ ನಿವೇಶನದಾರರಿಗೆ ಮಾತ್ರ ಸೇರಿದ ವಿಷಯ, ಗುಡ್ಡದ ಮೇಲಿನ ನಮಗೇನು ಎಂದು ನಮ್ಮ ಹನುಮಂತನಗರದವರು ಪುಟ ತಿರುಗಿಸುವ ಮುನ್ನ ತಾವು ನಿಂತಿರುವ ನೆಲವನ್ನೊಮ್ಮೆ ನೋಡಿಕೊಳ್ಳಬೇಕು. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಾಲಯವಿರುವ ನರಹರಿರಾಯನ ಗುಡ್ಡ, ಅತ್ತ ಕಹಳೆ ಬಂಡೆ ಮತ್ತು ದೊಡ್ಡ ಬಸವನ ಗುಡಿ, ಇತ್ತ ಗವಿಪುರದ ಗಂಗಾಧರೇಶ್ವರನ ಗುಹೆ, ಇವೆಲ್ಲವೂ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಶಿಲೆಯ ಮೇಲೆ ನೆಲೆಸಿದ ಎತ್ತರದ ತಾಣಗಳು. ಬೆಂಗಳೂರಿನ ನೀರನ್ನು ಎರಡು ಪಾಲು ಮಾಡುವ ಜಲವಿಭಜಕ ರೇಖೆ ಈ ಸುತ್ತಿನಲ್ಲಿಯೇ ಹಾದುಹೋಗುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದ ಹನಿಯು ಕೋರಮಂಗಲ ಚಲ್ಲಘಟ್ಟದ ಕಣಿವೆಯನ್ನು ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಮಾರ್ಗವಾಗಿ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿನತ್ತ ಸಾಗಿದರೆ, ಪಶ್ಚಿಮದ ಇಳಿಜಾರಿಗೆ ಬಿದ್ದದ್ದು ವೃಷಭಾವತಿಯಾಗಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಜಲಾಶಯದಲ್ಲಿ ತಂಗಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ವೃಷಭಾವತಿಯು ಬಸವನ ಪಾದಮೂಲದಲ್ಲಿ ಹುಟ್ಟುವಳೆಂಬುದು ಪ್ರತೀತಿ. ಪ್ರತೀತಿಯನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ; ನಾವು ಒಂದು ನದಿಯ ನೆತ್ತಿಯ ಮೇಲೆ ಮನೆ ಕಟ್ಟಿಕೊಂಡಿರುವೆವೆಂಬ ಭೂಗೋಳದ ಸತ್ಯಕ್ಕೆ ಅದರಿಂದ ಕುಂದೇನೂ ಬಾರದು. ಹೊಳೆಯೆಂಬುದು ಇಲ್ಲಿ ಹೊಳೆಯ ರೂಪದಲ್ಲಿ ಕಾಣಸಿಗುವುದಿಲ್ಲ. ಅಡ್ಡರಸ್ತೆಯ ಚಪ್ಪಡಿಯ ಕೆಳಗಿನ ಮೋರಿಯೇ ಅದರ ಬಾಲ್ಯರೂಪ. ತಗ್ಗಿನಲ್ಲಿ ಕೆಂಪೇಗೌಡನ ಕಾಲದ ಕೆಂಪಾಂಬುಧಿ ಕೆರೆ ಕಾದುಕೊಂಡಿದೆ, ಅದರಾಚೆಗೆ ಕಾಲುವೆ, ಅದರಾಚೆಗೆ ನದಿ.

ನಮ್ಮ ಬೀದಿಯಲ್ಲಿ ಈಚಿನ ವರ್ಷಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮುಂದೆ ಒಂದು ಸಂಪಿಗೆ, ಹಿಂದೆ ಎರಡು ತೆಂಗು, ಪಕ್ಕದಲ್ಲಿ ದಾಸವಾಳದ ಬೇಲಿಯಿದ್ದ ಮನೆಯೊಂದನ್ನು ಮಕ್ಕಳು ಪಾಲುಮಾಡಿಕೊಂಡು ಮಾರಿದ ಮೇಲೆ ಜೆಸಿಬಿ ಬಂದು, ಗೋಡೆಯನ್ನೂ ಗಿಡವನ್ನೂ ಬೇಲಿಯನ್ನೂ ಬೇರೆಬೇರೆಯೆಂದೆಣಿಸದೆ, ಮಧ್ಯಾಹ್ನದೊಳಗಾಗಿ ನೆಲವನ್ನು ಬೋಳುಮಾಡಿತು. ಕಾರು ನಿಲ್ಲಿಸುವ ನೆಲಮಾಳಿಗೆಗೆಂದು ಅಗೆದ ಕೆಮ್ಮಣ್ಣಿನ ರಾಶಿಯನ್ನು ರಸ್ತೆಯ ಬದಿಯಲ್ಲಿ, ಮೋರಿಯ ಬಾಯಿಗೆ ತಾಗಿದಂತೆಯೇ ಒಟ್ಟಿದರು. ಸೆಪ್ಟೆಂಬರಿನ ಮಳೆ, ಅದು ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಧಾರಾಳವಾದ ತಿಂಗಳು, ಬಂದು ಹೋದ ಬಳಿಕ ಇಳಿಜಾರಿನುದ್ದಕ್ಕೂ ಕೆನ್ನೀರು ಹರಿದು, ಕೆಳಗಿನ ತಿರುವಿನಲ್ಲಿ ಮೋರಿಯ ಚಪ್ಪಡಿಗಳ ಸಂದಿನಿಂದ ಉಕ್ಕಿ ರಸ್ತೆಯ ಮೇಲೆ ಮಡುಗಟ್ಟಿತ್ತು. ರಾಶಿ ಮಾತ್ರ ಕುಗ್ಗಿತ್ತು. ಮೇಸ್ತ್ರಿಯನ್ನು ಕೇಳಿದೆ, ವಿನಯವಂತನಾದ ಮನುಷ್ಯ, ತಲೆಯ ಮೇಲಿನ ಟವಲನ್ನು ತೆಗೆದು ಕಂಕುಳಲ್ಲಿರಿಸಿಕೊಂಡು, "ಮಣ್ಣ್ ತಾನೆ ಸಾರ್, ವಿಷ ಏನಲ್ವಲ್ಲ. ಮೋರಿಗೆ ಹೋಗುತ್ತೆ ಬಿಡಿ" ಎಂದ.

ಆ ಮಾತಿನಲ್ಲಿ ಕಪಟವಿರಲಿಲ್ಲ. ಕೊಳಚೆಯನ್ನು ಕಂಡರೆ ಮೂಗು ಮುಚ್ಚಿಕೊಳ್ಳುವ, ಕಾರ್ಖಾನೆಯ ನೊರೆಯನ್ನು ಕಂಡರೆ ಪತ್ರಿಕೆಗೆ ಬರೆಯುವ ನಾವು ವಿದ್ಯಾವಂತರೂ ಮಣ್ಣಿನ ವಿಷಯದಲ್ಲಿ ಮೇಸ್ತ್ರಿಯ ಮತವನ್ನೇ ಉಳ್ಳವರು. ಮಣ್ಣು ಮಣ್ಣಾಗಿರುವವರೆಗೆ ಆ ಮತ ಸರಿ. ಅದು ಬೇರಿನ ಹಿಡಿತವನ್ನು ಕಳೆದುಕೊಂಡು ನೀರಿನ ಸಂಗಡ ಹೊರಟಾಗ ಅದರ ಗುಣವೇ ಮಾರ್ಪಡುತ್ತದೆ. ಮರಳಿನ ದಪ್ಪ ಕಣಗಳು ಮೊದಲ ತಿರುವಿನಲ್ಲಿಯೇ ತಳವೂರಿ ಮೋರಿಯನ್ನು ತುಂಬುತ್ತವೆ. ಅದಕ್ಕಿಂತ ನಯವಾದ ಕಣಗಳು ನಿಂತ ನೀರಿನಲ್ಲಿಯೂ ಮೊಳದಾಳಕ್ಕೆ ಇಳಿಯಲು ಗಂಟೆಗಟ್ಟಲೆ ಹೊತ್ತು ತೆಗೆದುಕೊಳ್ಳುವುದರಿಂದ ಕಾಲುವೆಯನ್ನು ದಾಟಿ ಕೆರೆಯವರೆಗೆ ಹೋಗಿ ಅಲ್ಲಿ ಹೂಳಾಗುತ್ತವೆ. ಜೇಡಿಯ ಅತಿಸೂಕ್ಷ್ಮ ಕಣಗಳಾದರೋ ದಿನಗಟ್ಟಲೆ ತೇಲುತ್ತಲೇ ಇದ್ದು, ನೀರಿನೊಳಕ್ಕೆ ಬೆಳಕು ಇಳಿಯದಂತೆ ಮಾಡಿ, ಜಲಸಸ್ಯಗಳ ಉಸಿರನ್ನು ಕಟ್ಟಿ, ಮೀನಿನ ಕಿವಿರುಗಳಿಗೂ ಮೊಟ್ಟೆಗಳಿಗೂ ಅಂಟಿಕೊಳ್ಳುತ್ತವೆ. ಕಾಂಕ್ರೀಟ್ ಮಿಕ್ಸರನ್ನು ತೊಳೆದ ಬೂದುಬಣ್ಣದ ನೀರು ಇದಕ್ಕೆ ಸೇರಿದರಂತೂ ಸುಣ್ಣದ ನೀರಿನಷ್ಟೇ ತೀಕ್ಷ್ಣವಾದ ಕ್ಷಾರ ಜತೆಗೂಡಿತು. ಆಗ ವಿಷವೇನಲ್ಲವಲ್ಲ ಎಂಬ ಮಾತೂ ನಿಲ್ಲಲಾರದು.

ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಒಂದು ಅಂಗುಲ ಮಳೆ ಬಿದ್ದರೆ ನಲವತ್ತು ಅರವತ್ತರ ನಿವೇಶನದ ಮೇಲೆ ಬೀಳುವ ನೀರು ಸುಮಾರು 5,600 ಲೀಟರು, ಎಂದರೆ ಮಾಮೂಲು ಟ್ಯಾಂಕರಿನ ಒಂದು ಹೊರೆ. ಹಿತ್ತಲಿದ್ದಾಗ ಅದರ ಒಂದು ಪಾಲನ್ನು ದಾಸವಾಳದ ಬೇರು ಕುಡಿಯುತ್ತಿತ್ತು, ಒಂದು ಪಾಲು ನೆಲಕ್ಕಿಂಗುತ್ತಿತ್ತು, ಉಳಿದದ್ದು ನಿಧಾನವಾಗಿ ಹೊರಬೀಳುತ್ತಿತ್ತು. ಅಗೆದು ಬೋಳಾದ ನೆಲದಿಂದ ಅದು ಒಮ್ಮೆಗೇ, ಮಣ್ಣನ್ನು ಹೊತ್ತುಕೊಂಡೇ ಹೊರಡುತ್ತದೆ. ಒಂದು ಬೀದಿಯಲ್ಲಿ ಇಂತಹ ನಿವೇಶನಗಳು ಎರಡೋ ಮೂರೋ ಇದ್ದರೆ, ಬಡಾವಣೆಯಲ್ಲಿ ಎಷ್ಟಿರಬಹುದೆಂಬುದನ್ನು ಸಂಜೆಯ ತಿರುಗಾಟದಲ್ಲಿ ಓದುಗರೇ ಎಣಿಸಿಕೊಳ್ಳಲಿ.

ತಗ್ಗಿನಲ್ಲಿರುವವರಿಗೆ ಈ ಲೆಕ್ಕ ಪುಸ್ತಕದ್ದಲ್ಲ. 2020ರ ಅಕ್ಟೋಬರ್ 23ರಂದು ಸುರಿದ ಬಿರುಮಳೆಗೆ ನಮ್ಮಿಂದ ಬಹುದೂರವೇನೂ ಇಲ್ಲದ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ರಾಜಕಾಲುವೆಯ ತಡೆಗೋಡೆ ಕುಸಿದು, ನೀರು ಮನೆಗಳೊಳಗೆ ನುಗ್ಗಿ, ವಾಹನಗಳನ್ನು ಆಟಿಕೆಗಳಂತೆ ಎಳೆದೊಯ್ದು, ಹಬ್ಬದ ಹೊತ್ತಿನಲ್ಲಿ ಜನ ಅಟ್ಟಗಳ ಮೇಲೆ ರಾತ್ರಿ ಕಳೆಯುವಂತಾದುದನ್ನು ನಾವೆಲ್ಲ ಬಲ್ಲೆವು. ಇಂತಹ ಅನಾಹುತಕ್ಕೆ ಹೂಳೊಂದೇ ಕಾರಣವೆಂದರೆ ವಿಷಯವನ್ನು ಅತಿಯಾಗಿ ಸರಳಗೊಳಿಸಿದಂತಾದೀತು. ಒತ್ತುವರಿ, ಕಿರಿದಾದ ಸೇತುವೆ, ದುರ್ಬಲವಾದ ಗೋಡೆ, ಅಸಾಧಾರಣವಾದ ಮಳೆ ಎಲ್ಲವೂ ಇಂತಹ ಕಡೆ ಕೈಗೂಡಿಸುತ್ತವೆ. ಆದರೂ ಕಾಲುವೆಯ ತಳದಲ್ಲಿ ಎರಡಡಿ ಮಣ್ಣು ಕುಳಿತಿದ್ದರೆ ನೀರಿಗೆ ಎರಡಡಿ ಜಾಗ ಕಡಮೆಯೆಂಬುದಕ್ಕೆ ಇಂಜಿನಿಯರರ ಪ್ರಮಾಣಪತ್ರ ಬೇಡ. ಬೇಸಗೆಯಲ್ಲಿ ಸಾರ್ವಜನಿಕರ ಹಣದಿಂದ ಹೂಳೆತ್ತುವುದು, ಮಳೆಗಾಲದಲ್ಲಿ ನಿರ್ಮಾಣದ ನಿವೇಶನಗಳಿಂದ ಅದನ್ನು ಮತ್ತೆ ತುಂಬುವುದು, ಈ ಎರಡು ಕಾರ್ಯಗಳೂ ಪರಸ್ಪರ ಪರಿಚಯವಿಲ್ಲದವರಂತೆ ವರ್ಷವರ್ಷವೂ ನಡೆದುಬರುತ್ತಿವೆ.

ಇನ್ನು ಬಿಟ್ಟ ಅಡಿಗಳ ವಿಚಾರ. ಕಾಲುವೆಯ ಬದಿಯ ಹದಿನೈದು ಮೀಟರನ್ನು ಬಿಟ್ಟೆವೆಂದು ಹೇಳಿ, ಅದರ ಮೇಲೆ ಸಿಮೆಂಟಿನ ಹಾಸು ಬಳಿದು ಕಾರು ನಿಲ್ಲಿಸುವವರೂ, ಜಲ್ಲಿ ಮರಳುಗಳ ದಾಸ್ತಾನು ಮಾಡುವವರೂ, ಕೆಲಸಗಾರರ ತಗಡಿನ ಷೆಡ್ಡುಗಳನ್ನು ಎತ್ತುವವರೂ ಉಂಟು. ಕಾಗದದ ದೃಷ್ಟಿಯಿಂದ ಅವರು ನಿರಪರಾಧಿಗಳು. ನೀರಿನ ದೃಷ್ಟಿಯಿಂದ ಆ ಹದಿನೈದು ಮೀಟರು ಇದ್ದೂ ಇಲ್ಲ. ದಡದ ನೆಲಕ್ಕೆ ನಾವು ಬೆಲೆ ಕೊಡುವುದು ಅಲ್ಲಿ ಬೆಳೆದಿರುವ ಹಸುರಿನಿಂದಾಗಿ. ಹಿಂದಿನವರ ಮನೆಗಳಲ್ಲಿ ಜಗಲಿಯ ಅಂಚಿಗೆ ತಂಬಿಗೆಯ ನೀರಿರಿಸಿ ಬಂದವರು ಕಾಲು ತೊಳೆದು ಒಳಬರುತ್ತಿದ್ದರಷ್ಟೆ. ದಡದ ಹುಲ್ಲುಪಟ್ಟಿ ನೀರಿಗೆ ಅಂತಹ ಜಗಲಿ. ಗರಿಕೆಯ ದಟ್ಟವಾದ ಎಸಳುಗಳ ನಡುವೆ ನೀರಿನ ವೇಗ ಮುರಿಯುತ್ತದೆ, ವೇಗ ಮುರಿದಾಗ ಹೊತ್ತ ಮಣ್ಣು ಕೆಳಗಿಳಿಯುತ್ತದೆ, ಇಳಿದ ಮಣ್ಣನ್ನು ಬೇರು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಮಾಡಿದ ಸಂದುಗಳಲ್ಲಿ ನೀರು ಕೆಳಕ್ಕಿಂಗುತ್ತದೆ. ದಡದ ಇಳಿಜಾರಿನಲ್ಲಿ ಲಾವಂಚವಿದ್ದರೆ ಅದರ ಬೇರು ಆಳಕ್ಕೆ ನೇರವಾಗಿ ಇಳಿದು ಮಣ್ಣನ್ನು ಮೊಳೆ ಹೊಡೆದಂತೆ ನಿಲ್ಲಿಸುತ್ತದೆ. ನೀರಿನ ಅಂಚಿಗೆ ಜೇಕು, ಆಪು. ಅದರ ಹಿಂದೆ ಲಕ್ಕಿ. ಅದರ ಹಿಂದೆ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ. ನಮ್ಮ ಹಳ್ಳಗಳ ದಡಗಳಲ್ಲಿ ಯಾರೂ ನೆಡದೆ ತಾವಾಗಿ ಏರ್ಪಟ್ಟಿದ್ದ ಶ್ರೇಣಿಯಿದು. ಮರದ ನೆರಳು ಬಿದ್ದ ನೀರು ತಂಪಾಗಿರುತ್ತದೆಂಬುದು ದನ ಕಾಯುವ ಹುಡುಗನಿಗೂ ತಿಳಿದ ವಿಷಯ. ತಂಪಾದ ನೀರು ಪ್ರಾಣವಾಯುವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆಂಬುದು ಅದಕ್ಕೆ ವಿಜ್ಞಾನದ ಪೂರಣ.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಬೋಳಾದ 50 ಮೀಟರಿಗಿಂತ ಹಸುರಾದ 15 ಮೀಟರು ಮೇಲು. 30ರಿಂದ 75ಕ್ಕೆ, 75ರಿಂದ ಮತ್ತೆ 30ಕ್ಕೆ ಎಂದು ಅಂಕಿಗಳನ್ನು ಹಿಡಿದು ಜಗ್ಗಾಡುವುದರಲ್ಲಿ ಕಳೆದ ಹತ್ತು ವರ್ಷಗಳನ್ನು ಕಳೆದಿದ್ದೇವೆ. ಆ ನೆಲದಲ್ಲಿ ಏನು ಬೆಳೆದಿರಬೇಕೆಂದು ಕೇಳಿದವರು ವಿರಳ. ರಾಜಕಾಲುವೆಯ ಇಕ್ಕೆಲಗಳಿಗೂ ತಳಕ್ಕೂ ಕಾಂಕ್ರೀಟು ಹಾಕಿ ಪೆಟ್ಟಿಗೆಯಾಗಿಸುವ ಕೆಲಸವೂ ಈ ಮರೆವಿನ ಫಲವೇ. ಇಕ್ಕಟ್ಟಾದ ಕಡೆಗಳಲ್ಲಿ, ಮನೆಗಳು ಅಂಚಿಗೇ ಬಂದು ನಿಂತಿರುವಲ್ಲಿ, ಗೋಡೆಯಿಲ್ಲದೆ ಗತ್ಯಂತರವಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಜಾಗವಿದ್ದಲ್ಲಿಯೂ ಗೋಡೆಯನ್ನೇ ಎತ್ತಿದರೆ ನೀರು ಮೇಲಿನವರ ಬೀದಿಯಿಂದ ಕೆಳಗಿನವರ ಬೀದಿಗೆ ಇನ್ನಷ್ಟು ಬೇಗ ಮುಟ್ಟುತ್ತದೆ, ಅಷ್ಟೆ.

ಹಾಗಾದರೆ ಕಟ್ಟಿಸುವವನು ಮಾಡಬೇಕಾದದ್ದೇನು? ಮೊದಲನೆಯ ಮಾತು ಜೆಸಿಬಿ ಬರುವ ಹಿಂದಿನ ದಿನಕ್ಕೆ ಸೇರಿದ್ದು. ನಕ್ಷೆಯ ಮೇಲಿನ ಗೆರೆ ಜೆಸಿಬಿಯ ಚಾಲಕನಿಗೆ ಕಾಣಿಸುವುದಿಲ್ಲ. ಅವನಿಗೆ ಕಾಣಿಸುವುದು ಗೂಟ, ಹಗ್ಗ, ಹಸುರು ಬಲೆ. ಆದುದರಿಂದ ಬಿಡಬೇಕಾದ ನೆಲವನ್ನು ಅಳೆದು, ಅದರ ಅಂಚಿಗೆ ಎದೆಯೆತ್ತರದ ಬೇಲಿಯನ್ನು ಹಾಕಿಸಿ, ಇದರೊಳಗೆ ಗಾಡಿಯೂ ಬರಕೂಡದು, ಮಣ್ಣೂ ಬೀಳಕೂಡದು, ಒಂದು ಇಟ್ಟಿಗೆಯನ್ನೂ ಇಡಕೂಡದು ಎಂದು ಗುತ್ತಿಗೆದಾರನಿಗೆ ಬಾಯಿಮಾತಿನಲ್ಲಿ ಹೇಳುವುದರ ಜತೆಗೆ ಕರಾರಿನಲ್ಲಿಯೂ ಬರೆಯಿಸಬೇಕು. ದೊಡ್ಡ ಮರದ ಸುತ್ತ ಬೇಲಿ ಹಾಕುವುದಾದರೆ ಬೊಡ್ಡೆಗೆ ಒತ್ತಿ ಹಾಕಿದರೆ ಸಾಲದು. ಕೊಂಬೆಗಳು ಹರಡಿರುವಷ್ಟು ವಿಸ್ತಾರಕ್ಕೆ ಹಾಕಬೇಕು, ಏಕೆಂದರೆ ಬೇರುಗಳು ಕನಿಷ್ಠಪಕ್ಷ ಅಷ್ಟು ದೂರ ಹರಿದಿರುತ್ತವೆ, ಅವುಗಳ ಮೇಲೆ ಟಿಪ್ಪರು ಒಂದು ತಿಂಗಳು ಓಡಾಡಿದರೆ ಮರವು ಅಂದು ಬೀಳದೆ ಎರಡು ಮೂರು ವರ್ಷಗಳ ಮೇಲೆ ಒಣಗಿ ನಿಲ್ಲುತ್ತದೆ. ಆಗ ಎಲ್ಲರೂ ಹುಳುವಿನ ಮೇಲೆ ದೂರು ಹೊರಿಸುತ್ತಾರೆ.

ಎರಡನೆಯದು ಕಾಲದ ವಿಷಯ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರು. ಅದರಲ್ಲಿ ಬಹುಭಾಗ ಜೂನಿನಿಂದ ಅಕ್ಟೋಬರಿನವರೆಗೆ ಬೀಳುತ್ತದೆ, ಮೇ ತಿಂಗಳ ಗುಡುಗುಮಳೆ ಬೇರೆ. ಡಿಸೆಂಬರಿನಿಂದ ಮಾರ್ಚಿಯವರೆಗಿನ ನಾಲ್ಕು ಒಣತಿಂಗಳುಗಳಲ್ಲಿ ಪಾಯ ತೆಗೆದು ಮುಗಿಸಿ ಮಣ್ಣು ತುಂಬಿ ಬಿಗಿಮಾಡಿದವನಿಗೆ ಮುಕ್ಕಾಲು ಚಿಂತೆ ಕಳೆಯಿತು. ಆಷಾಢಕ್ಕೆ ಮುನ್ನ ಗುದ್ದಲಿಪೂಜೆಯಾಗಲೇಬೇಕೆಂದು ಪಟ್ಟು ಹಿಡಿದು, ಪೂಜೆಯಾದೊಡನೆ ಅಗೆಯಲಾರಂಭಿಸಿ, ಜುಲೈಯಲ್ಲಿ ನೆಲಮಾಳಿಗೆಯನ್ನು ಬಾವಿಯಾಗಿಸಿಕೊಂಡು, ರಾತ್ರಿಯೆಲ್ಲ ಪಂಪಿಟ್ಟು ಕೆನ್ನೀರನ್ನು ಮೋರಿಗೆ ಬಿಡುವ ದೃಶ್ಯ ನಮ್ಮ ಬಡಾವಣೆಗಳಲ್ಲಿ ಅಪರೂಪವೇನಲ್ಲ. ಪೂಜೆಯನ್ನು ಮುಹೂರ್ತದಲ್ಲಿ ಮಾಡಿ, ಅಗೆತವನ್ನು ಋತುವಿನಲ್ಲಿ ಮಾಡಬಹುದೆಂದು ಯಾವ ಪುರೋಹಿತರನ್ನು ಕೇಳಿದರೂ ಹೇಳಿಯಾರು. ಪಂಪು ಇಡಲೇಬೇಕಾದರೆ ನೀರನ್ನು ಮೊದಲು ಒಂದು ಗುಂಡಿಗೆ ಬಿಟ್ಟು, ಒಂದು ಹಗಲು ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಹೊರಬಿಡುವುದು ಒಳ್ಳೆಯದು. ಮಣ್ಣಿನ ರಾಶಿ ಮೋರಿಯಿಂದ ಆದಷ್ಟು ದೂರದಲ್ಲಿ, ನಿವೇಶನದ ಎತ್ತರದ ಮೂಲೆಯಲ್ಲಿದ್ದು, ಟಾರ್ಪಾಲಿನ ಹೊದಿಕೆಯೂ, ಕೆಳಬದಿಯಲ್ಲಿ ಮಣ್ಣುತುಂಬಿದ ಗೋಣಿಚೀಲಗಳ ಕಟ್ಟೆಯೂ ಇರತಕ್ಕದ್ದು. ಮೇಲ್ಪದರದ ಕಪ್ಪುಮಣ್ಣನ್ನು ಬೇರೆ ತೆಗೆದಿರಿಸಿದರೆ ಮುಂದೆ ತೋಟಕ್ಕೆ ಕೆಂಪುಮಣ್ಣಿನ ಲೋಡಿಗೆ ಹಣ ತೆರುವುದು ತಪ್ಪುತ್ತದೆ. ಮಿಕ್ಸರು, ಬಾಣಲಿ, ಸನಿಕೆಗಳನ್ನು ತೊಳೆಯಲು ಪ್ಲಾಸ್ಟಿಕ್ ಹಾಳೆ ಹಾಸಿದ ಒಂದು ಗುಣಿ ಸಾಕು. ನೀರು ಆರಿ, ಗಟ್ಟಿಯಾದ ಸಿಮೆಂಟನ್ನು ಒಡೆದು ಕಟ್ಟಡದ ಅವಶೇಷದ ಜತೆ ಕಳುಹಿಸಬಹುದು. ಒಡೆದ ಮನೆಯ ಅವಶೇಷದಿಂದ ಮೋರಿಗಳಿಗೆ ಅಡ್ಡಿಯಾಗಬಾರದೆಂದು 2016ರ ನಿರ್ಮಾಣ ತ್ಯಾಜ್ಯದ ನಿಯಮಗಳು ಸ್ಪಷ್ಟವಾಗಿಯೇ ಹೇಳಿದ್ದವು. ರಾತ್ರಿಯ ಟಿಪ್ಪರುಗಳಿಗೆ ಓದುವ ಅಭ್ಯಾಸವಿಲ್ಲ.

ದೊಡ್ಡ ಕಟ್ಟಡಗಳಿಗೆ ಈ ಬಗೆಯ ಕಟ್ಟುಪಾಡುಗಳು ಇಲ್ಲವೆಂದಲ್ಲ. 2006ರ ಸೆಪ್ಟೆಂಬರಿನ ಪರಿಸರ ಪರಿಣಾಮದ ಅಧಿಸೂಚನೆಯಂತೆ 20,000 ಚದರ ಮೀಟರುಗಳಿಗೂ ಮಿಗಿಲಾದ ನಿರ್ಮಾಣಗಳು ಮುಂಚಿತವಾಗಿ ಅನುಮತಿ ಪಡೆಯಬೇಕು, ಮೇಲ್ಮಣ್ಣನ್ನು ಕಾಪಾಡುವುದೇ ಮೊದಲಾದ ಷರತ್ತುಗಳಿಗೆ ಒಳಪಡಬೇಕು. ಅಮೆರಿಕದಲ್ಲಿ ಒಂದು ಎಕರೆಯಷ್ಟು ನೆಲವನ್ನು ಕೆದಕುವವನೂ ಮಳೆನೀರಿನ ಪರವಾನಗಿಯನ್ನು ಪಡೆಯತಕ್ಕದ್ದೆಂಬ ನಿಯಮ 2003ರಿಂದ ನಡೆದುಬಂದಿದೆ. ಅಲ್ಲಿನ ಕೇಂದ್ರ ಪರಿಸರ ಸಂಸ್ಥೆಯ ಪರವಾನಗಿಯು ಹೊಳೆಯಂಚಿನಲ್ಲಿ 50 ಅಡಿಯ ಸ್ವಾಭಾವಿಕ ಹಸುರನ್ನು ನಿರ್ಮಾಣ ನಡೆಯುವ ಕಾಲದಲ್ಲಿಯೂ ಉಳಿಸಬೇಕೆಂದೂ, ಆಗದಿದ್ದರೆ ಅಷ್ಟೇ ಪ್ರಮಾಣದಲ್ಲಿ ಮಣ್ಣನ್ನು ತಡೆಯುವ ಬೇರೆ ಏರ್ಪಾಡನ್ನು ಮಾಡಬೇಕೆಂದೂ ಕೇಳುತ್ತದೆ. ನಿರ್ಮಾಣದ ಕಾಲದಲ್ಲಿ ಎಂಬ ಆ ಪದಗಳೇ ನಮ್ಮ ಮಹಾಯೋಜನೆಯಲ್ಲಿ ಸಿಗದಿರುವುದು. ಹನುಮಂತನಗರದಲ್ಲಿ ಒಂದು ಎಕರೆಯ ನಿವೇಶನವನ್ನು ಹುಡುಕಿದರೂ ದೊರೆಯುವುದು ಕಷ್ಟ. 20,000 ಚದರ ಮೀಟರಿನ ಮಾತಂತೂ ದೂರ. ನಮ್ಮಲ್ಲಿನ ಕೇಡು ಸಣ್ಣ ಸಣ್ಣ ಮನೆಗಳಿಂದ ಕೂಡಿಬಂದದ್ದು, ಯಾವ ಅಧಿಸೂಚನೆಯ ಬಲೆಗೂ ಸಿಕ್ಕದಷ್ಟು ಸಣ್ಣದು. ನಕ್ಷೆಗೆ ಮಂಜೂರಾತಿ ಕೊಡುವಾಗ ಮಳೆನೀರು ಕೊಯ್ಲಿನ ಏರ್ಪಾಡನ್ನು 2009ರಿಂದ ಈಚೆಗೆ ಮೂವತ್ತು ನಲವತ್ತರ ಹೊಸ ಮನೆಗೂ ಕಡ್ಡಾಯ ಮಾಡಿರುವಂತೆ, ಮಣ್ಣು ತಡೆಯುವ ಒಂದು ಪುಟದ ಷರತ್ತನ್ನೂ ಸೇರಿಸಿ, ಪಾಯದ ತಪಾಸಣೆಗೆ ಬರುವ ಇಂಜಿನಿಯರರೇ ಅದನ್ನೂ ನೋಡಿ ಸಹಿ ಹಾಕುವಂತೆ ಮಾಡುವುದು ಪಾಲಿಕೆಗೆ ಅಸಾಧ್ಯವಾದ ಕಾರ್ಯವೆಂದು ನನಗೆ ತೋರುವುದಿಲ್ಲ.

ನೀರನ್ನು ಕೆಡಿಸದೆ ಕಳುಹಿಸಿದರೆ ಏನಾಗುತ್ತದೆಂಬುದಕ್ಕೆ ಜೆ.ಪಿ. ನಗರದ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನೋಡಬಹುದು. ಸುತ್ತಲೂ ಎದ್ದ ಕಟ್ಟಡಗಳಿಂದ ಒಳಹರಿವು ತಪ್ಪಿ ಬತ್ತಿದ್ದ ಹದಿಮೂರೂವರೆ ಎಕರೆಯ ಆ ಕೆರೆಯನ್ನು ನೆರೆಹೊರೆಯವರು 2010ರಲ್ಲಿ ನ್ಯಾಸವೊಂದನ್ನು ರಚಿಸಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳತೊಡಗಿದರು. ನೀರಿಗೆ ಗತಿಯೇನೆಂಬ ಪ್ರಶ್ನೆ ಬಂದಾಗ ಪಕ್ಕದ ವಸತಿ ಸಮುಚ್ಚಯದ ಮಳೆನೀರನ್ನು ಕೆರೆಗೆ ತಿರುಗಿಸಿದರು. ಯಾವ ಕಟ್ಟಡಗಳು ಕೆರೆಯ ಹಾದಿಯನ್ನು ಮುಚ್ಚಿದುವೋ ಆ ಬಗೆಯ ಕಟ್ಟಡಗಳ ಛಾವಣಿಯೇ ಅದರ ಹೊಸ ತೊರೆಯಾಯಿತು. ಇಂದು ಅಲ್ಲಿ ಹೆಜ್ಜಾರ್ಲೆ ಬಂದು ಕುಳಿತಿರುವುದನ್ನು ನಾನು ಕಂಡಿದ್ದೇನೆ. ಮಳೆನೀರಿನ ಏರ್ಪಾಡನ್ನು ಕಣ್ಣಾರೆ ಕಾಣಬೇಕೆನ್ನುವವರು ಜಯನಗರದ ಐದನೆಯ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಬಹುದು. ಭಾನುವಾರದ ಬೆಳಗನ್ನು ಕಳೆಯಲು ಹೋಟೆಲಿಗಿಂತ ಕೆಟ್ಟ ಸ್ಥಳವೇನಲ್ಲ.

ಗಿರಿನಗರದಿಂದ ಬರೆದಿರುವ ಓದುಗರೊಬ್ಬರ ಪತ್ರ ಮೇಜಿನ ಮೇಲಿದೆ. ಅವರ ನಿವೇಶನದ ಹಿಂಬದಿಯಲ್ಲಿ ಚಪ್ಪಡಿ ಮುಚ್ಚಿದ ಕಾಲುವೆ, ಅದರ ಬದಿಗೆ ಎರಡು ಹೊಂಗೆ ಮರ, ಮರಗಳ ಕೆಳಗೆ ಪೊದೆ. ಪೊದೆಯಲ್ಲಿ ಹಾವಿರಬಹುದು, ಕಟ್ಟುವ ಮುನ್ನ ಎಲ್ಲವನ್ನೂ ಸವರಿಸಿಬಿಡಲೇ ಎಂದು ಕೇಳಿದ್ದಾರೆ. ಸ್ವಾಮಿ, ಕಾಲುವೆ ಯಾವ ದರ್ಜೆಯದೆಂಬುದನ್ನು ಯೋಜನೆಯ ನಕ್ಷೆಯಿಂದ ತಿಳಿದುಕೊಳ್ಳುವುದರ ಜತೆಗೆ ಭೂಮಾಪನ ಇಲಾಖೆಯ ಹಳೆಯ ಗ್ರಾಮನಕ್ಷೆಯನ್ನೂ ತರಿಸಿ ನೋಡಿ. ಖರಾಬು ಎಂದು ಗುರುತಾಗಿರುವ ಹಳ್ಳ ಅದರಲ್ಲಿ ನಿಮ್ಮ ಕ್ರಯಪತ್ರಕ್ಕಿಂತ ನಿಖರವಾಗಿ ಕಾಣುತ್ತದೆ. ಹೊಂಗೆಗಳನ್ನು ಕಡಿಯಲು 1976ರ ವೃಕ್ಷಸಂರಕ್ಷಣೆಯ ಕಾಯಿದೆಯಂತೆ ಮರ ಅಧಿಕಾರಿಯ ಅನುಮತಿ ಬೇಕು, ಆದರೆ ನೀವು ಆ ಅರ್ಜಿಯನ್ನು ಹಾಕುವ ಅಗತ್ಯವೇ ಇಲ್ಲ. ಪೊದೆಯನ್ನು ಮನೆಯ ಪಾಯದಿಂದ ಆಳೆತ್ತರ ದೂರದವರೆಗೆ ಮಾತ್ರ ಬಿಡಿಸಿ, ಉಳಿದುದನ್ನು ಈ ಮಳೆಗಾಲ ಮುಗಿಯುವವರೆಗೆ ಹಾಗೆಯೇ ಇರಗೊಡಿ. ಪಾಯದ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಗುತ್ತಿಗೆದಾರರು ಬೇಲಿಗೂ ಟಾರ್ಪಾಲಿಗೂ ಪ್ರತ್ಯೇಕವಾಗಿ ಹಣ ಕೇಳಿದರೆ ಚೌಕಾಶಿ ಮಾಡದೆ ಕೊಟ್ಟುಬಿಡಿ. ಅಡುಗೆಮನೆಯ ಗ್ರಾನೈಟಿನ ಬಣ್ಣ ಬದಲಾಯಿಸಿದಾಗ ಅದಕ್ಕಿಂತ ಹೆಚ್ಚನ್ನು ಕೇಳಿಯೇ ಕೇಳುತ್ತಾರೆ.